‘ಅಡ್ಡಿಲ್ಲ’ ಎಂಬ ಮಾತಿಗೆ ಯಾವ ಖಾನೆ?

ತಂಗೀ, ಆಸ್ಪತ್ರೆ ಆಡಳಿತದ ಪ್ರಬಂಧಕ್ಕೆ ನೀನು ನಮ್ಮ ಕುಮಟಾ, ಹೊನ್ನಾವರ, ಭಟ್ಕಳದ ಆಸ್ಪತ್ರೆಗಳನ್ನೇ ಆರಿಸಿಕೊಂಡದ್ದು ಖುಷಿಯಾಯಿತು. ನಿನ್ನ ಪ್ರಶ್ನಾವಳಿಯನ್ನೂ ನೋಡಿದೆ. ‘ಸೇವೆ ತೃಪ್ತಿಕರವೇ?’ ಎಂದು ಕೇಳಿ ಮುಂದೆ ಐದು ಖಾನೆ ಹಾಕಿದ್ದೀ. ಮೂವತ್ತು ವರ್ಷ ಆರೋಗ್ಯ ಸಹಾಯಕಿಯಾಗಿ ಈ ಕಡೆಯ ಮನೆ ಮನೆ ತಿರುಗಿದವಳು ನಾನು. ನಿನಗೆ ಸಿಗುವ ಉತ್ತರವನ್ನು ಈಗಲೇ ಹೇಳಬಲ್ಲೆ: ‘ಅಡ್ಡಿಲ್ಲ.’

ನಮ್ಮವರ ‘ಅಡ್ಡಿಲ್ಲ’ ನಿನಗೆ ಗೊತ್ತಲ್ಲ. ಚೆನ್ನಾಗಿತ್ತು ಎಂದೂ ಆಗುತ್ತದೆ, ಹೇಗೋ ಮುಗಿಯಿತು ಎಂದೂ ಆಗುತ್ತದೆ, ‘ನಿನ್ನ ಹತ್ತಿರ ಹೇಳಿ ಏನು ಉಪಯೋಗ’ ಎಂದೂ ಆಗುತ್ತದೆ. ಅದನ್ನು ಯಾವ ಖಾನೆಗೆ ಬರೆಯುತ್ತೀ? ಅದಕ್ಕೇ ಮನಸ್ಸಿಗೆ ಏನನ್ನಿಸಿತು ಎನ್ನುವುದಕ್ಕಿಂತ ನಡೆದದ್ದನ್ನು ಕೇಳು. ಚೀಟಿ ಮಾಡಿಸಿದ ಮೇಲೆ ಎಷ್ಟು ಹೊತ್ತು ಕಾದಿರಿ? ಔಷಧ ಹೊರಗಿನ ಅಂಗಡಿಯಿಂದ ತಂದಿರಾ? ಮಾತ್ರೆ ಹೇಗೆ ತಿನ್ನಬೇಕೆಂದು ಯಾರು ಹೇಳಿದರು? ಮೊದಲು ಹತ್ತು ಜನರನ್ನು ಕೇಳಿ ನೋಡು. ಅವರು ತಡವರಿಸಿದಲ್ಲಿ ಪ್ರಶ್ನೆಯನ್ನು ತಿದ್ದು. ಭಟ್ಕಳದಲ್ಲಿ ನವಾಯತಿ ಬರುವವರನ್ನು, ಕುಮಟೆಯಲ್ಲಿ ಕೊಂಕಣಿ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗು. ಮನೆಯವರನ್ನೇ ದುಭಾಷಿ ಮಾಡಿಕೊಳ್ಳಬೇಡ. ಸೊಸೆಯನ್ನು ಕೇಳಿದ ಪ್ರಶ್ನೆಗೆ ಅತ್ತೆಯ ಉತ್ತರ ಬರುತ್ತದೆ.

ಆಸ್ಪತ್ರೆಯ ದಾಖಲೆ ಪುಸ್ತಕ ಸಿಕ್ಕಿತೆಂದು ಹಿಗ್ಗಬೇಡ. ಹೆದ್ದಾರಿಯಲ್ಲಿ ತಲೆಗೆ ಪೆಟ್ಟು ಬಿದ್ದವನನ್ನು ನಮ್ಮಲ್ಲಿ ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯುತ್ತಾರೆ. ಅವನ ಹೆಸರು ಎಷ್ಟೋ ಸಲ ಇಲ್ಲಿನ ಪುಸ್ತಕಕ್ಕೆ ಏರುವುದೇ ಇಲ್ಲ. ಆ ಪುಸ್ತಕವೊಂದನ್ನೇ ನಂಬಿದರೆ ಇಲ್ಲಿ ಅಂಥ ರೋಗಿಗಳು ಕಡಿಮೆ, ದೊಡ್ಡ ಆಸ್ಪತ್ರೆ ಅನಗತ್ಯ ಎಂದು ಬರೆದುಬಿಡುತ್ತೀ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲಿ ಇಡೀ ಜಿಲ್ಲೆ ದನಿ ಎತ್ತಿದ್ದು ಸುಮ್ಮನೆಯೇ? ಪುಸ್ತಕದಲ್ಲಿ ಯಾರಿಲ್ಲ ಎಂಬುದನ್ನು ಮೊದಲು ಹುಡುಕು.

ಓದಿದ ಸಂಖ್ಯೆಗೂ ಹುಟ್ಟೂರು ಕೇಳಬೇಕು. ಮಂಗನ ಕಾಯಿಲೆಯನ್ನೇ ತಗೋ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಜ್ವರ ಘಟ್ಟ ಇಳಿದು ನಮ್ಮ ಕಾಡಂಚಿನ ಮನೆಗಳಿಗೂ ಬಂತು. ಅದರ ಲಸಿಕೆ ಎರಡು ಸಲ ಹಾಕಿಸಿಕೊಂಡವರಿಗೆ ಶೇ. 93ರಷ್ಟು ರಕ್ಷಣೆ ಎಂದಿತು 1990ರಿಂದ 92ರವರೆಗಿನ ಅಧ್ಯಯನ. 2005ರಿಂದ 2010ರ ಲೆಕ್ಕ ತೆಗೆದವರಿಗೆ ಸಿಕ್ಕಿದ್ದು ಶೇ. 62. ಯಾವುದು ಸುಳ್ಳು ಎಂದು ಜಗಳಕ್ಕೆ ಇಳಿಯುವ ಮೊದಲು ಕೇಳಬೇಕಾದದ್ದು ಬೇರೆ: ಯಾವ ವರ್ಷದ ಲಸಿಕೆ, ಯಾರಿಗೆ ಹಾಕಿದ್ದು, ನೋವಿಗೆ ಹೆದರಿ ಎರಡನೇ ಸೂಜಿಗೆ ಬಾರದವರು ಎಷ್ಟು? ಹಳೆಯ ಸಂಖ್ಯೆಯನ್ನೇ ನಂಬಿ ಕೂತ ಆಡಳಿತಗಾರನಿಗೆ ಕಾಡಂಚಿನಲ್ಲಿ ಏನಾಗುತ್ತಿದೆಯೆಂದು ತಿಳಿಯುವುದಿಲ್ಲ. ಶಕ್ತಿ ಸಾಲದೆಂದು 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು.

ಇನ್ನು ನೀತಿಯ ಮಾತು. ಪುಸ್ತಕದಲ್ಲಿ ಅದು ಕೊನೆಯ ಅಧ್ಯಾಯವಾಗಿರಬಹುದು, ಕೆಲಸದಲ್ಲಿ ಮೊದಲನೆಯದು. ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವವರೆಗೆ ಒಬ್ಬರನ್ನೂ ಕೇಳಬೇಡ. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ, ನಿನ್ನ ಕಡೆಯವರಲ್ಲದ, ಓದು ಬಲ್ಲ ಸಾಕ್ಷಿಯೊಬ್ಬರು ಅಲ್ಲಿರಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ. ಆದರೆ ಹೆಬ್ಬೆಟ್ಟು ಬಿದ್ದ ಮಾತ್ರಕ್ಕೆ ಒಪ್ಪಿಗೆ ಆಗಲಿಲ್ಲ. ಮಂಚದ ಮೇಲೆ ಮಲಗಿದವಳ ಎದುರು ಆಸ್ಪತ್ರೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ನಿಂತರೆ ‘ಬೇಡ’ ಎನ್ನುವ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು? ನಾಳೆಯ ಔಷಧ ನಿಂತೀತು ಎಂಬ ಅಂಜಿಕೆಯಲ್ಲಿ ಅವಳು ಒಪ್ಪುತ್ತಾಳೆ, ಹೊಗಳುತ್ತಾಳೆ. ಅಲ್ಲಿ ನಿನ್ನ ನೀತಿಯೂ ಕೆಟ್ಟಿತು, ಲೆಕ್ಕವೂ ಕೆಟ್ಟಿತು. ಅವಳು ಮನೆಗೆ ಹೋದ ಮೇಲೆ ಜಗಲಿಯಲ್ಲಿ ಕೂತು ಕೇಳು. ಬೇಡವೆಂದರೆ ನಗುತ್ತಲೇ ಎದ್ದು ಬಾ.

ಹೆಸರು ಬಿಟ್ಟು ಬರೆದರೆ ಗುಟ್ಟು ಉಳಿಯಿತೆಂದೂ ತಿಳಿಯಬೇಡ. ಎಂಟು ಮನೆಯ ಕೇರಿಯಲ್ಲಿ ‘ಮೀನು ಮಾರುವ ವಿಧವೆ, ಇಬ್ಬರು ಮಕ್ಕಳು ಗೋವೆಯಲ್ಲಿ’ ಎಂದರೆ ಇಡೀ ಊರಿಗೆ ಅವಳ ಕಾಯಿಲೆ ಗೊತ್ತಾಯಿತು.

ನನ್ನದೊಂದು ತಪ್ಪನ್ನೂ ಕೇಳು. ಒಂದು ಮಳೆಗಾಲ ಜ್ವರದ ಸಮೀಕ್ಷೆಗೆ ಹೋಗಿದ್ದೆ. ಹೊಳೆ ಏರಿ ಸಂಕ ಮುಳುಗಿತ್ತು. ಈಚೆಯ ಮನೆಯ ಜಗಲಿಯಲ್ಲೇ ಕೂತು, ಆಚೆಯ ನಾಲ್ಕು ಮನೆಗೂ ‘ಜ್ವರ ಇಲ್ಲ’ ಎಂದು ತುಂಬಿದೆ. ಮುಂದಿನ ವಾರ ನೀರಿಳಿದ ಮೇಲೆ ಹೋದರೆ, ಒಂದು ಮನೆಯ ಯಜಮಾನ ಎಂಟು ದಿನದಿಂದ ಕಂಬಳಿ ಹೊದ್ದು ಮಲಗಿದ್ದ. ಬದುಕಿಕೊಂಡ, ಪುಣ್ಯ. ನನ್ನ ಫಾರಂ ಮಾತ್ರ ಅಷ್ಟರಲ್ಲಿ ಮೇಲಿನವರಿಗೆ ಹೋಗಿ ಆಗಿತ್ತು. ಎಲ್ಲ ಅಂಕಣ ತುಂಬಿದ್ದರಿಂದ ಯಾರೂ ಏನೂ ಕೇಳಲಿಲ್ಲ. ಅಲ್ಲಿ ‘ಸಂಕ ಮುಳುಗಿದೆ, ಹೋಗಲಾಗಲಿಲ್ಲ’ ಎಂದು ಬರೆದಿದ್ದರೆ ಯಾರಾದರೂ ದೋಣಿ ಕಳಿಸುತ್ತಿದ್ದರೋ ಏನೋ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆ, ತಂಗೀ. ಖಾಲಿ ಅಂಕಣ ಕಂಡರೆ ನಿನ್ನ ಮಾರ್ಗದರ್ಶಕರು ಗದರಿಸಬಹುದು; ಗದರಿಸಿಕೋ, ಅಡ್ಡಿಲ್ಲ.