ದಂಡವಿಲ್ಲದ ಸುರುಳಿ ಗೆಲಾಕ್ಸಿಗಳು: ಎರಡು ‘ಎ’ಗಳ ಪಾಠ

ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ನಾನು ಗೆಲಾಕ್ಸಿಗಳ ಚಾರ್ಟ್ ಮಾಡಿದ್ದೆ. ಎಂ 33 ಗೆಲಾಕ್ಸಿಯ ಗುರುತು ‘ಎಸ್‌ಎ’ ಎಂದು ಶುರುವಾಗುವುದನ್ನು ನೋಡಿ, ಅದನ್ನು ಬಿಗಿಯಾಗಿ ಸುತ್ತಿದ ಸುರುಳಿಗಳ ಸಾಲಿನಲ್ಲಿ ಅಂಟಿಸಿದೆ. ಭೌತಶಾಸ್ತ್ರದ ಮೇಡಂ, “ಇದರ ತೋಳುಗಳು ಬಿಗಿಯಾಗಿವೆಯಾ? ಚಿತ್ರ ಸರಿಯಾಗಿ ನೋಡಮ್ಮ” ಎಂದರು. ತೋಳುಗಳು ಬಿಚ್ಚಿ ಹರಡಿದ್ದವು. ಎಲ್ಲಿ ತಪ್ಪಿದೆ ಎಂದು ಹುಡುಕಿದಾಗ ಕಲಿತದ್ದು ಇದು.

ಕೆಲವು ಸುರುಳಿ ಗೆಲಾಕ್ಸಿಗಳ ನಡುವೆ ನಕ್ಷತ್ರಗಳು ಉದ್ದನೆಯ ದಂಡದ ಆಕಾರದಲ್ಲಿ ಸೇರಿರುತ್ತವೆ. ಸಾಮಾನ್ಯವಾಗಿ ದಂಡದ ತುದಿಗಳಿಂದ ತೋಳುಗಳು ಹೊರಡುತ್ತವೆ. ನಮ್ಮ ಕ್ಷೀರಪಥವೂ ಇಂಥದ್ದೇ. ದಂಡವಿಲ್ಲದವುಗಳಲ್ಲಿ ತೋಳುಗಳು ನಡುವಿನ ಉಬ್ಬಿನ ಬಳಿಯಿಂದಲೇ ಸುತ್ತಿಕೊಳ್ಳುತ್ತವೆ.

1926ರಲ್ಲಿ ಎಡ್ವಿನ್ ಹಬಲ್ ದಂಡವಿಲ್ಲದ ಸುರುಳಿಗಳಿಗೆ ‘ಎಸ್’, ದಂಡವಿರುವವುಗಳಿಗೆ ‘ಎಸ್‌ಬಿ’ ಎಂಬ ಗುರುತು ಕೊಟ್ಟರು. ಅದರ ಮುಂದೆ ಇಂಗ್ಲಿಷಿನ ಸಣ್ಣಕ್ಷರಗಳಾದ ಎ, ಬಿ, ಸಿ ಬರುತ್ತವೆ. ಸಣ್ಣ ‘ಎ’ ಎಂದರೆ ದೊಡ್ಡ ಉಬ್ಬು, ಬಿಗಿಯಾದ ತೋಳು. ‘ಸಿ’ ಎಂದರೆ ಚಿಕ್ಕ ಉಬ್ಬು, ಬಿಚ್ಚಿದ ತೋಳು, ಅದರಲ್ಲಿ ಬಿಡಿಬಿಡಿಯಾಗಿ ಕಾಣುವ ನಕ್ಷತ್ರಗಳು. ‘ಬಿ’ ಇವೆರಡರ ನಡುವಿನದು. ಇದು ವಯಸ್ಸಿನ ಕ್ರಮವಲ್ಲ. ‘ಎ’ ಬೆಳೆದು ‘ಸಿ’ ಆಗುತ್ತದೆ ಎಂದು ತಿಳಿಯಬಾರದು.

1959ರಲ್ಲಿ ಜೆರಾರ್ ದ ವೊಕುಲ್ಯೂರ್ ಈ ಪದ್ಧತಿಯನ್ನು ವಿಸ್ತರಿಸಿದರು. ದಂಡವಿಲ್ಲದ್ದಕ್ಕೆ ದೊಡ್ಡಕ್ಷರದ ‘ಎ’, ದಂಡವಿದ್ದರೆ ದೊಡ್ಡ ‘ಬಿ’, ದಂಡ ಮಸುಕಾಗಿದ್ದರೆ ‘ಎಬಿ’. ‘ಸಿ’ಯ ನಂತರ ಸಣ್ಣಕ್ಷರದ ‘ಡಿ’ ಮತ್ತು ‘ಎಂ’ ಸೇರಿಸಿದರು. ನನ್ನ ತಪ್ಪು ಇಲ್ಲೇ ಇತ್ತು: ದೊಡ್ಡ ‘ಎ’ಯನ್ನು ಸಣ್ಣ ‘ಎ’ ಎಂದು ಓದಿದ್ದೆ. ದೊಡ್ಡಕ್ಷರ ದಂಡದ ಮಾತು ಹೇಳುತ್ತದೆ, ಕೊನೆಯ ಸಣ್ಣಕ್ಷರ ತೋಳಿನ ಮಾತು. ಎಂ 33ರ ಕೊನೆಯಲ್ಲಿ ‘ಸಿಡಿ’ ಇದೆ. ಅಂದರೆ ದಂಡವಿಲ್ಲ, ತೋಳು ಬಹಳ ಬಿಚ್ಚಿಕೊಂಡಿದೆ. ಎಂ 104, ಎಂ 81, ಎಂ 74 ಮೂರಕ್ಕೂ ದೊಡ್ಡ ‘ಎ’ ಇದೆ; ಕೊನೆಯ ಅಕ್ಷರಗಳು ಕ್ರಮವಾಗಿ ‘ಎ’, ‘ಎಬಿ’, ‘ಸಿ’.

ಆಂಡ್ರೋಮಿಡಾ ಗೆಲಾಕ್ಸಿಗೂ ಬಹುಕಾಲದಿಂದ ದಂಡವಿಲ್ಲದ ಗುರುತೇ ಇದೆ. ಸುಮಾರು 964ರಲ್ಲಿ ಪರ್ಷಿಯಾದ ಅಬ್ದುರ್ರಹ್ಮಾನ್ ಅಲ್-ಸೂಫಿ ತಮ್ಮ ಸ್ಥಿರ ನಕ್ಷತ್ರಗಳ ಗ್ರಂಥದಲ್ಲಿ ಇದನ್ನು ಸಣ್ಣ ಮೋಡವೆಂದು ದಾಖಲಿಸಿದ್ದರು. ದೂರದರ್ಶಕವಿಲ್ಲದ ಬರಿಗಣ್ಣಿಗೆ ಕಂಡದ್ದು ಅಷ್ಟೇ. ಈ ಗೆಲಾಕ್ಸಿ ನಮಗೆ ತುಂಬ ಓರೆಯಾಗಿ ಕಾಣುವುದರಿಂದ ನಡುಭಾಗದ ಆಕಾರ ತಿಳಿಯುವುದು ಕಷ್ಟ. ದೂಳನ್ನು ದಾಟಿ ಬರುವ ಅವಕೆಂಪು ಬೆಳಕಿನಲ್ಲಿ ನೋಡಿದ ಖಗೋಳಜ್ಞರಿಗೆ ಅಲ್ಲಿ ದಂಡದ ಕುರುಹುಗಳು ಸಿಕ್ಕಿವೆ.

ಹಾಗಾಗಿ ‘ದಂಡವಿಲ್ಲ’ ಎಂಬ ಗುರುತು ಯಾವ ಬೆಳಕಿನಲ್ಲಿ, ಯಾವ ಕೋನದಿಂದ ನೋಡಿದೆವು ಎಂಬುದನ್ನೂ ಅವಲಂಬಿಸಿದೆ. ಎಂ 33ರ ಚಿತ್ರವನ್ನು ಕಿತ್ತು ಸರಿಯಾದ ಸಾಲಿಗೆ ಅಂಟಿಸಿದ್ದೇನೆ. ಆಂಡ್ರೋಮಿಡಾದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಮುಂದಿನ ಪ್ರದರ್ಶನದಲ್ಲಿ, ಇನ್‌ಶಾ ಅಲ್ಲಾಹ್, ಅದರ ಕಾರಣವನ್ನೂ ವಿವರಿಸುತ್ತೇನೆ.