ಎಚ್‌ಡಿಎಫ್‌ಎಸ್: ಕಾಲಮಿತಿ ಮತ್ತು ಗರಿಷ್ಠ ಮಿತಿ

ಹಡೂಪ್‌ನ ಕಡತ ಸಂಗ್ರಹ ವ್ಯವಸ್ಥೆ ಎಚ್‌ಡಿಎಫ್‌ಎಸ್. ಡೀಫಾಲ್ಟ್ ಬ್ಲಾಕ್ ಗಾತ್ರ 128 ಎಂಬಿ, ಪ್ರತಿಗಳು 3.

ಬ್ಲಾಕ್‌ಗಳನ್ನು ಇಟ್ಟುಕೊಳ್ಳುವ ಪ್ರತಿ ಡೇಟಾನೋಡ್ 3 ಸೆಕೆಂಡಿಗೊಮ್ಮೆ, ಅವುಗಳ ಲೆಕ್ಕ ಇಡುವ ನೇಮ್‌ನೋಡ್‌ಗೆ ಹಾರ್ಟ್‌ಬೀಟ್ ಸಂಕೇತ ಕಳಿಸುತ್ತದೆ. ಅದು ನಿಂತ ತಕ್ಷಣ ನೋಡ್ ಸತ್ತಿತೆಂದು ಘೋಷಿಸುವುದಿಲ್ಲ. ಹಲವರು ಎಡವುವುದು ಇಲ್ಲೇ. ಘೋಷಣೆಗೆ ಮುನ್ನ ಕಾಯುವ ಕಾಲಮಿತಿ ತಿಳಿಯಲು, ನೇಮ್‌ನೋಡ್‌ನ ಮರುಪರಿಶೀಲನಾ ಅವಧಿಯ (300 ಸೆಕೆಂಡು) ಎರಡು ಪಟ್ಟಿಗೆ ಹಾರ್ಟ್‌ಬೀಟ್ ಅವಧಿಯ ಹತ್ತು ಪಟ್ಟು ಕೂಡಿಸಬೇಕು: (2 × 300) + (10 × 3) = 630 ಸೆಕೆಂಡು, ಅಂದರೆ ಹತ್ತೂವರೆ ನಿಮಿಷ. ಈ ಸೂತ್ರ ಬಾಯಿಪಾಠವಾಗಿರಲಿ. ಕಾಲಮಿತಿಯನ್ನು ತೀರಾ ತಗ್ಗಿಸಿದರೆ, ನೆಟ್‌ವರ್ಕ್ ಸ್ವಲ್ಪ ಹೊತ್ತು ಕೈಕೊಟ್ಟರೂ ಬ್ಲಾಕ್‌ಗಳ ಮರುನಕಲು ಶುರುವಾಗಿ ಕ್ಲಸ್ಟರ್ ಮೇಲೆ ವೃಥಾ ಹೊರೆ ಬೀಳುತ್ತದೆ. ವಿಪರೀತ ಹೆಚ್ಚಿಸಿದರೆ, ನಿಜವಾಗಿ ಕೆಟ್ಟ ನೋಡ್‌ನ ದತ್ತಾಂಶ ಅಷ್ಟು ಹೊತ್ತು ಕಡಿಮೆ ಪ್ರತಿಗಳಲ್ಲೇ ಉಳಿಯುತ್ತದೆ.

ಡೀಫಾಲ್ಟ್ ಮಿತಿಗಳು: ಒಂದು ಡೈರೆಕ್ಟರಿಗೆ 10,48,576 ನಮೂದು, ಡೇಟಾನೋಡ್‌ಗೆ 4096 ವರ್ಗಾವಣೆ ಥ್ರೆಡ್.