ಬಣ್ಣ ಕೊನೆಯ ಕೆಲಸ

ಮಲೆ ಮಾದಪ್ಪನ ಜನಪದ ಕಾವ್ಯದಲ್ಲಿ ಮಠದ ಹೆಸರಿನೊಂದಿಗೆ ಬರುವ ಊರು ಕೊಳ್ಳೇಗಾಲದ ಕಡೆಯ ನಮ್ಮ ಕುಂತೂರು. ಆ ಕಾವ್ಯ ಹಾಡುವವರ ಕಂಸಾಳೆ, ದಮ್ಮಡಿಯ ನಾದ ಇಲ್ಲಿನ ಕಿವಿಗೆ ಹೊಸದಲ್ಲ. ಎಲೆಕ್ಟ್ರಿಕ್ ಗಿಟಾರ್ ಈ ಕಡೆಗೆ ಬಂದದ್ದು ರಸಮಂಜರಿ ತಂಡಗಳ ಜೊತೆ, ಗಣೇಶನ ಪೆಂಡಾಲಿಗೆ. ಟ್ರ್ಯಾಕ್ ಹಾಕಿಕೊಂಡು ಹಾಡುವ ಕಾಲ ಬಂದ ಮೇಲೆ ಆ ಗಿಟಾರುಗಳು ಅಟ್ಟ ಸೇರಿದವು. ಗಿವ್ಸನ್, ಹೋಬ್ನರ್ ಎಂಬ ಕೋಲ್ಕತ್ತದ ಕಂಪನಿಗಳ ಹೆಸರುಗಳು ಅವುಗಳ ತಲೆಯ ಮೇಲೆ ಇನ್ನೂ ಮಸುಕಾಗಿ ಕಾಣುತ್ತವೆ. ಇಂಥವನ್ನು ಮನೆಯಲ್ಲೇ ಬಿಚ್ಚಿ, ಸರಿಮಾಡಿ, ಮತ್ತೆ ನುಡಿಸುವಂತೆ ಮಾಡುವುದು ನನಗೆ ತುಂಬ ಪ್ರೀತಿಯ ಕೆಲಸ. ಹಾಗೆ ಕಲಿತದ್ದು ಇದು.

1. ಎಲ್ಲಕ್ಕಿಂತ ಮೊದಲು ಅರ್ತಿಂಗ್. ಈ ಗಿಟಾರಿನ ತಂತಿಗಳು ಬ್ರಿಜ್ಜಿನ ಮೂಲಕ ಆಂಪ್ಲಿಫೈಯರಿನ ಅರ್ತಿಗೆ ಸೇರಿರುತ್ತವೆ. ಮನೆಯ ಅರ್ತಿಂಗ್ ಸತ್ತಿದ್ದು, ಆಂಪ್ಲಿಫೈಯರಿನಲ್ಲೂ ದೋಷವಿದ್ದರೆ ಕರೆಂಟು ತಂತಿಗೇ ಬರುತ್ತದೆ. ಒಂದು ಕೈ ತಂತಿಯ ಮೇಲಿದ್ದು ಇನ್ನೊಂದು ಮೈಕ್ ಮುಟ್ಟಿದರೆ ಜೀವಕ್ಕೇ ಅಪಾಯ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಮೈಕಿನಿಂದ ಶಾಕ್ ಹೊಡೆದು ತೀರಿಕೊಂಡರು. ಪ್ಲಗ್ಗಿನ ದಪ್ಪ ಅರ್ತ್ ಪಿನ್ನು ಮುರಿದಿದ್ದರೆ ಇವತ್ತೇ ಬದಲಿಸಿ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಗೆ ನೀರು ಹಾಕಿ.

2. ಹಳೆ ಗಿಟಾರ್ ಕೈಗೆ ಬಂದ ಕೂಡಲೇ ಬಣ್ಣ ಕೆರೆಯಲು ಕೂರಬೇಡಿ. ನಾದ ಕೆಟ್ಟಿರುವುದು ಬಹುಪಾಲು ಬಣ್ಣದಿಂದಲ್ಲ. ಬಾಗಿದ ನೆಕ್, ಸವೆದ ಫ್ರೆಟ್, ಜರುಗಿದ ಬ್ರಿಜ್ ಇವುಗಳಿಂದ. ಫೆಂಡರ್ ಕಂಪನಿಯ ಸ್ಟ್ರಾಟ್ ಮಾದರಿಯಲ್ಲಿ ತಂತಿಯ ಉದ್ದ ಸುಮಾರು 648 ಮಿಲಿಮೀಟರ್. ಹನ್ನೆರಡನೆಯ ಫ್ರೆಟ್ ಅದರ ಅರ್ಧದಲ್ಲಿ, 324ರಲ್ಲಿ ಇರಬೇಕು. ಆ ಫ್ರೆಟ್ಟಿನ ಮೇಲೆ ತಂತಿಯನ್ನು ಬರೀ ಸೋಕಿಸಿ ಒಮ್ಮೆ ಮೀಟಿ, ಒತ್ತಿ ಒಮ್ಮೆ ಮೀಟಿ. ಒತ್ತಿದ ಸ್ವರ ಏರಿದ್ದರೆ ಬ್ರಿಜ್ಜಿನ ಸ್ಯಾಡಲ್ಲನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ನೆಕ್ಕಿನೊಳಗಿನ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಮರಕ್ಕೆ ಒಂದು ರಾತ್ರಿ ಬಿಡಿ.

3. ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದೆಯೇ? ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನೋಡಿ, ಆಮೇಲೆ ಬದಲಿಸುವ ಮಾತು. ತಿರುಗಿಸುವ ಗುಂಡಿಯ ಕೆಳಗಿನ ಪಾಟ್ ಸಿಂಗಲ್ ಕಾಯಿಲ್ ಪಿಕಪ್ಪಿಗೆ 250 ಕಿಲೋ ಓಮ್, ಜೋಡಿ ಕಾಯಿಲ್ಲಿನ ಹಂಬಕರಿಗೆ 500. ಟೋನಿನ ಕೆಪಾಸಿಟರ್ ಮೇಲೆ 473 ಎಂದಿದ್ದರೆ ಅದು 0.047 ಮೈಕ್ರೋಫ್ಯಾರಡ್, 223 ಎಂದಿದ್ದರೆ 0.022. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಸಿಗುತ್ತವೆ. ಪಾಟಿನ ಬೆನ್ನಿಗೆ ಬೆಸುಗೆ ಹಾಕುವ ಮುನ್ನ ಆ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಇಲ್ಲದಿದ್ದರೆ ಸೀಸ ಹಿಡಿಯುವುದೇ ಇಲ್ಲ.

4. ಗುಂಯ್ ಎನ್ನುವ ಸದ್ದು ನಮ್ಮ ಮನೆಯ ಕರೆಂಟಿನ 50 ಸೈಕಲ್ಲಿನದು. ಸಿಂಗಲ್ ಕಾಯಿಲ್ ಅದನ್ನು ಆಂಟೆನಾದ ಹಾಗೆ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಇದಕ್ಕೆ ಪರಿಹಾರ ಕಂಡರು: ಜೋಡಿ ಕಾಯಿಲ್ಲುಗಳಲ್ಲಿ ಕರೆಂಟಿನ ಸದ್ದು ಎದುರುಬದುರಾಗಿ ಅಳಿಸಿಹೋಗುತ್ತದೆ, ಆಯಸ್ಕಾಂತಗಳೂ ಎದುರುಬದುರಾಗಿರುವುದರಿಂದ ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಹಂಬಕರ್ ಕೂರಿಸಲು ಬಾಡಿ ಕೊರೆಯುವ ಮನಸ್ಸಿಲ್ಲದಿದ್ದರೆ ಒಳಗುಳಿಗೆ ತಾಮ್ರದ ಹಾಳೆ ಅಂಟಿಸಿ ಅರ್ತಿಗೆ ಸೇರಿಸಿ, ಸದ್ದು ಪೂರ್ತಿ ಹೋಗದಿದ್ದರೂ ತಗ್ಗುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯೂ ಆಗುತ್ತದೆ. ಅದಕ್ಕೆ ಬೆಸುಗೆ ಹಿಡಿಯದು, ವೈರನ್ನು ವಾಷರ್ ಹಾಕಿ ಸ್ಕ್ರೂವಿನಿಂದ ಬಿಗಿಯಬೇಕು. ಕೊರೆಯದೇ ಉಳಿಸಿಕೊಳ್ಳುವುದೇ ನನಗೆ ಇಷ್ಟ.

5. ಈಗ ಬಣ್ಣ. ಬ್ರಿಜ್ಜಿನ ಕೆಳಗೋ ಪಿಕ್‌ಗಾರ್ಡಿನ ಕೆಳಗೋ ಸ್ವಲ್ಪ ಕೆರೆದು ಮರ ನೋಡಿ. ಪ್ಲೈವುಡ್ ಪದರ ಕಂಡರೆ ಮರದ ಗೆರೆ ತೋರಿಸುವ ಆಸೆ ಬಿಟ್ಟು ಗಟ್ಟಿ ಬಣ್ಣ ಹಾಕಿ; ಅದರಲ್ಲಿ ಕೀಳೇನೂ ಇಲ್ಲ. ಫೆಂಡರ್ ಕಂಪನಿ ತನ್ನ ಹೆಸರಾಂತ ಬಣ್ಣಗಳನ್ನು ಕಾರಿನ ಬಣ್ಣಗಳಿಂದಲೇ ಆರಿಸಿತು. ಫಿಯೆಸ್ಟಾ ರೆಡ್ ಮೊದಲು 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಬಣ್ಣ. ಡ್ಯುಪಾಂಟ್ ಕಂಪನಿಯ ಡ್ಯೂಕೋ ಕಾರುಬಣ್ಣ ಅವರಿಗೆ ಹೇಗೋ, ನಮಗೆ ಕೊಳ್ಳೇಗಾಲದ ಟಿಂಕರಿಂಗ್ ಅಂಗಡಿಯ ಬಣ್ಣ ಹಾಗೆ. ಅಲ್ಲಿನ ಪೇಂಟರ್‌ಗೆ ಸ್ಪ್ರೇ ಗನ್ನಿನ ಕೈ ಪಳಗಿರುತ್ತದೆ, ಕೇಳಿ ಕಲಿಯಿರಿ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಉಜ್ಜುವಾಗ ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ತೆರೆದಿರುವಾಗ ಒಲೆ, ಬೀಡಿ, ಊದುಬತ್ತಿ ಯಾವುದೂ ಹತ್ತಿರ ಬೇಡ.

ನೆಕ್ ಕೂರುವ ಗುಳಿಗೆ ಟೇಪ್ ಅಂಟಿಸಿ. ಅಲ್ಲಿ ಬಣ್ಣ ಕಟ್ಟಿಕೊಂಡರೆ ನೆಕ್ ಒಳಗೆ ಇಳಿಯುವುದಿಲ್ಲ.

6. ಕಾಲ ನೋಡಿ ಗನ್ ಹಿಡಿಯಿರಿ. ಎನ್‌ಸಿ ಲ್ಯಾಕರಿನ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ತೇವದ ಗಾಳಿಯಿದ್ದರೆ ಅದೇ ನೀರಾಗಿ ಕೂತು ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಇದಕ್ಕೆ ಆಗದು. ಫೆಬ್ರವರಿ, ಮಾರ್ಚ್ ಒಳ್ಳೆಯದು. ಆಗ ಇನ್ನೊಂದು ಕಾಟ: ಕಬ್ಬು ಕಡಿದ ಗದ್ದೆಯಲ್ಲಿ ತರಗಿಗೆ ಬೆಂಕಿಯಿಟ್ಟ ದಿನ ಕರಿಬೂದಿ ಹಾರಿಬಂದು ಹಸಿಬಣ್ಣದ ಮೇಲೆ ಕೂರುತ್ತದೆ. ಅಕ್ಕಪಕ್ಕದ ಗದ್ದೆಯವರನ್ನು ವಿಚಾರಿಸಿಕೊಂಡೇ ಶುರುಮಾಡಿ. ಬಣ್ಣವನ್ನು ತೆಳುವಾಗಿ, ಹಲವು ಕೋಟಿನಲ್ಲಿ ಹಾಕಿ. ಆಮೇಲೆ ಮೂರು ನಾಲ್ಕು ವಾರ ಮುಟ್ಟದೆ ಬಿಡಿ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ. ಬಳಿಕ ವಾಟರ್ ಪೇಪರ್ 1000, 1500, 2000, ಕೊನೆಗೆ ರಬ್ಬಿಂಗ್ ಕಾಂಪೌಂಡ್. ಅಂಚುಗಳಲ್ಲಿ ಕೈ ಹಗುರವಿರಲಿ, ಬಣ್ಣ ಮೊದಲು ಕಿತ್ತುಬರುವುದು ಅಲ್ಲೇ.

7. ಫಿಂಗರ್‌ಬೋರ್ಡ್ ಬೀಟೆಯದಾದರೆ ಅದಕ್ಕೆ ಲ್ಯಾಕರ್ ಹಾಕಲೇಬೇಡಿ. ಯಳಂದೂರಿನಾಚೆಯ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲೂ ಬೆಳೆಯುವ ಮರ ಅದು. ಬ್ರೆಜಿಲ್ಲಿನ ರೋಸ್‌ವುಡ್ ದುರ್ಲಭವಾದ ಮೇಲೆ ಲೋಕದ ಗಿಟಾರ್ ಕಂಪನಿಗಳು ನೆಚ್ಚಿದ್ದು ಇದನ್ನೇ. ಭಾರತದ ಬೀಟೆ, ಎಬೊನಿ ಹಲಗೆಗಳಿಗಾಗಿ 2011ರ ಆಗಸ್ಟಿನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳನ್ನೇ ಶೋಧಿಸಿದ್ದರು. ಅಗ್ಗದ ಗಿಟಾರಿನಲ್ಲಿ ಬೇರೆ ಮರಕ್ಕೆ ಬಣ್ಣ ಹಚ್ಚಿರುವುದೂ ಉಂಟು. ನಿಜವಾದ ಬೀಟೆಗೆ ಬೇಕಾದದ್ದು ನಾಲ್ಕು ಹನಿ ಅಗಸೆ ಎಣ್ಣೆ. ಹಚ್ಚಿ, ಹತ್ತು ನಿಮಿಷ ಬಿಟ್ಟು, ಒಣಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ, ಹೊರಗೆ ಹಗ್ಗದ ಮೇಲೆ ಒಣಹಾಕಿ.